ಅಡಿಕೆ ತೋಟದ ಮಣ್ಣಲ್ಲಿ ಇಂಗಾಲ ರಾಗಿ ಹೊಲದ ಎರಡರಷ್ಟಾ?

ಪ್ರಶ್ನೆ: ತುಮಕೂರು ಜಿಲ್ಲೆಯಲ್ಲಿ ನಮ್ಮದು ಎರಡು ಎಕರೆ ರಾಗಿ ಬೆದ್ದಲು, ಅದರ ಕೆಳಗೆ ಒಂದು ಎಕರೆ ಅಡಿಕೆ ತೋಟ. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ (ಕೊಳೆತ ಸೊಪ್ಪು, ಬೇರು, ಗೊಬ್ಬರದಿಂದ ಮಣ್ಣಿಗೆ ಸೇರಿದ್ದು) ಹೊಲಕ್ಕೆ ಶೇ 0.42, ತೋಟಕ್ಕೆ ಶೇ 0.84 ಬಂದಿದೆ. ಹೋದ ವರ್ಷ ಹೊಲದ್ದು 0.38 ಇತ್ತು. ತೋಟದಲ್ಲಿ ಇಂಗಾಲ ಎರಡು ಪಟ್ಟು ಇದೆ ಎನ್ನಬಹುದೇ? ಹೊಲದಲ್ಲಿ ಏರಿದ್ದು ನಾವು ಹಾಕಿದ ಜೀವಾಮೃತದಿಂದಲೇ (ಸಗಣಿ, ಗಂಜಲ, ಬೆಲ್ಲ ಕೊಳೆಸಿದ ದ್ರವ)?

ಉತ್ತರ: ಎರಡಕ್ಕೂ ಈಗಲೇ ಹೌದು ಅನ್ನಲಾರೆ.

ಶೇಕಡಾ ಲೆಕ್ಕ ನೂರು ಕೆ.ಜಿ. ಮಣ್ಣಿಗೆ ಎಷ್ಟು ಅನ್ನುವುದನ್ನು ಹೇಳುತ್ತದೆ. ನಿಮ್ಮ ಎಕರೆಯಲ್ಲಿ ಎಷ್ಟು ಕೆ.ಜಿ. ಮಣ್ಣಿದೆ ಅನ್ನುವುದು ಬೇರೆ ಮಾತು. ತೋಟದ ಮಣ್ಣು ಮೆದು, ಹೊಲದ್ದು ಬಿಗಿ, ಅಲ್ವಾ? ಹೊಲದ ಮಣ್ಣು ಒಂದು ಘನ ಸೆಂಟಿಮೀಟರಿಗೆ 1.5 ಗ್ರಾಂ, ತೋಟದ್ದು 1.2 ಗ್ರಾಂ ತೂಗುತ್ತದೆ ಎಂದು ಇಟ್ಟುಕೊಳ್ಳಿ. 15 ಸೆಂ.ಮೀ. ಆಳಕ್ಕೆ ಎಕರೆಯಲ್ಲಿ ಹೊಲದ ಮಣ್ಣು ಸುಮಾರು 910 ಟನ್, ತೋಟದ್ದು 730 ಟನ್. ಹಾಗೆ ನೋಡಿದರೆ ಇಂಗಾಲ ಹೊಲದಲ್ಲಿ 3.8 ಟನ್, ತೋಟದಲ್ಲಿ 6.1 ಟನ್. ಎರಡು ಪಟ್ಟು ಹೋಗಿ 1.6 ಪಟ್ಟಾಯಿತು.

ಇನ್ನೊಂದು ತೊಡಕಿದೆ. ಲ್ಯಾಬಿನಲ್ಲಿ ಮಣ್ಣನ್ನು ಜರಡಿ ಹಿಡಿದು ಕಲ್ಲು ತೆಗೆದು ಪರೀಕ್ಷಿಸುತ್ತಾರೆ. ಬೆದ್ದಲಲ್ಲಿ ಗರಸು ಜಾಸ್ತಿ ಇದ್ದರೆ ಅಷ್ಟು ಜಾಗದಲ್ಲಿ ಇಂಗಾಲವೇ ಇಲ್ಲ. ಐದರಲ್ಲಿ ಒಂದು ಪಾಲು ಗರಸಿದ್ದರೆ ಹೊಲದ 3.8 ಟನ್ 3ಕ್ಕೆ ಇಳಿಯುತ್ತದೆ. ಮತ್ತೆ ಎರಡು ಪಟ್ಟಿಗೇ ಬಂದು ನಿಂತೆವು! ಅದಕ್ಕೇ ಮಣ್ಣಿನ ಸಾಂದ್ರತೆ ಅಳೆಯದೆ ಹೋಲಿಸಬೇಡಿ ಅನ್ನುವುದು. ಗಾತ್ರ ಗೊತ್ತಿರುವ ಕಬ್ಬಿಣದ ಬಳೆಯನ್ನು ನೆಲಕ್ಕೆ ಬಡಿದು, ಅದರೊಳಗಿನ ಮಣ್ಣನ್ನು ಒಣಗಿಸಿ ತೂಗಿದರೆ ಆಯಿತು. ಒಣಗಿಸಲು 105 ಡಿಗ್ರಿ ಬಿಸಿಯ ಒಲೆ ಬೇಕು, ಹಾಗಾಗಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ನೋಡಿ.

ಇನ್ನು 0.38ರಿಂದ 0.42. ನನ್ನ ಅನುಭವದಲ್ಲಿ ಇಷ್ಟು ವ್ಯತ್ಯಾಸ ಒಂದೇ ಹೊಲದ ಎರಡು ಮೂಲೆಗಳ ನಡುವೆಯೇ ಬರುತ್ತದೆ. ಜೀವಾಮೃತಕ್ಕೆ ಈಗಲೇ ಹಾರ ಹಾಕಬೇಡಿ. ಎರಡೂ ಸಲ ಒಂದೇ ಲ್ಯಾಬಾ ಎಂದೂ ನೋಡಿ. ಸಾಮಾನ್ಯವಾಗಿ ಬಳಸುವುದು 1934ರ ವಾಕ್ಲಿ-ಬ್ಲ್ಯಾಕ್ ವಿಧಾನ. ಡೈಕ್ರೋಮೇಟ್ ಎಂಬ ರಾಸಾಯನಿಕ ಮತ್ತು ಗಂಧಕಾಮ್ಲದಿಂದ ಇಂಗಾಲವನ್ನು ಸುಡುತ್ತಾರೆ. ಆದರೆ ಸುಡುವುದು ಸುಮಾರು ಶೇ 77 ಮಾತ್ರ. ಉಳಿದದ್ದನ್ನು ಸರಿದೂಗಿಸಲು ಕೆಲವರು 1.3ರಿಂದ ಗುಣಿಸುತ್ತಾರೆ, ಕೆಲವರು ಗುಣಿಸುವುದಿಲ್ಲ. ಲ್ಯಾಬ್ ಬದಲಾದರೆ ಅಷ್ಟರಿಂದಲೇ ಇಂಗಾಲ 'ಏರಿಬಿಡುತ್ತದೆ'.

ನಿಮ್ಮದು 2015ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಯೋಜನೆಯ ಸಾಯಿಲ್ ಹೆಲ್ತ್ ಕಾರ್ಡ್ (ಮಣ್ಣು ಪರೀಕ್ಷೆಯ ಫಲಿತಾಂಶದ ಚೀಟಿ) ಆಗಿದ್ದರೆ ಇನ್ನೂ ಎಚ್ಚರ ಬೇಕು. ಅದರಲ್ಲಿ ಮಳೆಯಾಶ್ರಿತ ಭೂಮಿಗೆ 10 ಹೆಕ್ಟೇರಿಗೆ ಒಂದು ಮಾದರಿ, ನೀರಾವರಿಗೆ 2.5 ಹೆಕ್ಟೇರಿಗೆ ಒಂದು ಎಂದು ನಿಗದಿ ಮಾಡಿದ್ದರು. ಆ 0.42 ಪಕ್ಕದವರ ಹೊಲದ ಮಣ್ಣಿನದ್ದೂ ಆಗಿರಬಹುದು.

ತೋಟದ ಇಂಗಾಲಕ್ಕೆಲ್ಲ ಅಡಿಕೆಯೇ ಕಾರಣ ಎಂದೂ ಹೇಳಲಾಗದು. ಕೆಳಗಿನ ನೆಲಕ್ಕೆ ಮೇಲಿನಿಂದ ಗೋಡು ಕೊಚ್ಚಿ ಬಂದು ನಿಲ್ಲುತ್ತದೆ. ಅಲ್ಲಿನ ಮಣ್ಣು ಮೊದಲೇ ಜಿಗುಟು, ಇಂಗಾಲ ಹಿಡಿದಿಡುವಂಥದ್ದು. ಮೇಲಾಗಿ ಸೊಪ್ಪು, ಕೊಟ್ಟಿಗೆ ಗೊಬ್ಬರ, ಕೆರೆಗೋಡು ಎಲ್ಲ ಸುರಿಯುವುದು ತೋಟಕ್ಕೇ. ಬೇರೆಲ್ಲಿಂದಲೋ ಹೊತ್ತು ತಂದ ಇಂಗಾಲ ಅದು. ಬೆಳೆಯಿಂದ ಏನಾಯಿತು ಎಂದು ತಿಳಿಯಬೇಕಾದರೆ ಒಂದೇ ಇಳಿಜಾರಿನ, ಒಂದೇ ಬಗೆಯ ಮಣ್ಣಿನ ಎರಡು ತುಂಡು ಜಾಗ ಹೋಲಿಸಬೇಕು.

ಮಾದರಿಯನ್ನು ರಾಗಿ ಕೊಯ್ದ ಮೇಲೆ, ಉಳುವ ಮೊದಲು ತೆಗೆಯಿರಿ. ಹೊಲದಲ್ಲಿ ಅಡ್ಡಾದಿಡ್ಡಿ ನಡೆದು ಹತ್ತು ಹದಿನೈದು ಕಡೆ 15 ಸೆಂ.ಮೀ. ಆಳದಿಂದ ತೆಗೆದು ಬೆರೆಸಿ, ಅರ್ಧ ಕೆ.ಜಿ. ಉಳಿಸಿಕೊಂಡು ನೆರಳಲ್ಲಿ ಒಣಗಿಸಿ. ತಿಪ್ಪೆ, ಬದು, ಮರದ ನೆರಳು ಬೇಡ. ತೋಟದಲ್ಲಿ ಗಿಡದ ಪಾತಿಯ ಮಣ್ಣಿಗೆ ಒಂದು ಚೀಲ, ಸಾಲಿನ ನಡುವಿನದ್ದಕ್ಕೆ ಇನ್ನೊಂದು. ಪಾತಿಯದ್ದನ್ನೇ ಕೊಟ್ಟರೆ ಲ್ಯಾಬು ನಿಮ್ಮ ಗೊಬ್ಬರವನ್ನು ಅಳೆಯುತ್ತದೆ, ತೋಟವನ್ನಲ್ಲ. ಆಮೇಲೆ ಮೂರ್ನಾಲ್ಕು ವರ್ಷ ಬಿಟ್ಟು ಅದೇ ಜಾಗ, ಅದೇ ತಿಂಗಳು, ಅದೇ ಲ್ಯಾಬು.