ನಡುರಾತ್ರಿ ಬೆವರು, ಹಾರ್ಮೋನ್ ಗುಳಿಗೆ

ಪ್ರಶ್ನೆ: ಡಾಕ್ಟರಮ್ಮಾವ್ರೆ, ನನಗ ಈಗ 50. ಮುಟ್ಟು ನಿಂತು ಎರಡು ವರ್ಷ ಆತು. ಶುಗರ್ ಬಂದು ಒಂಬತ್ತು ವರ್ಷ, ಮೂರು ತಿಂಗಳ ಲೆಕ್ಕ 8.2 ಅದ. ದಿನಕ್ಕ ಎರಡು ಸಲ ಗ್ಲಿಮಿಪಿರೈಡ್-ಮೆಟ್‌ಫಾರ್ಮಿನ್ ಗುಳಗಿ ತಗೋತೀನಿ. ಶುಗರ್ ಇಳೀಲಿ ಅಂತ ರಾತ್ರಿ ಅರ್ಧ ರೊಟ್ಟಿ ಮ್ಯಾಲ ತಿನ್ನಂಗಿಲ್ಲ. ನಡುರಾತ್ರಿ ಮೈ ಉರಿ ಹತ್ತಿ ಕುಬಸ ತೊಯ್ಯುವಂಗ ಬೆವರ್ತೀನಿ. ಎಕೋದಾಗ ಪಂಪಿಂಗ್ 60, ಗ್ರೇಡ್ 1 ಡಯಾಸ್ಟೊಲಿಕ್ ಡಿಸ್‌ಫಂಕ್ಷನ್ ಅಂತ ಬಂದದ. ಎದಿನೋವು ಇಲ್ಲ, ಮಾಳಗಿ ಹತ್ತಿದ್ರ ದಮ್ಮು ಹತ್ತತದ. ಒಬ್ಬರು ಹಾರ್ಮೋನ್ ತಗೋರಿ, ಹಾರ್ಟಿಗೂ ಛಲೋ ಅಂದ್ರು. ನಮ್ಮಕ್ಕ, ಅದರಿಂದ ಹಾರ್ಟ್ ನಿಲ್ತದ ಅಂತಾಳ. ಯಾರ ಮಾತು ಕೇಳ್ಲಿ?
— ಹೆಸರು ಬೇಡ, ಚಿತ್ತಾಪುರ

ಉತ್ತರ: ತಂಗಿ, ನಿಮ್ಮ ಪತ್ರ ಓದುತ್ತ ಆ ಅರ್ಧ ರೊಟ್ಟಿಯ ಹತ್ತಿರ ನಿಂತುಬಿಟ್ಟೆ. ಗ್ಲಿಮಿಪಿರೈಡ್ ನೀವು ಉಂಡರೂ ಉಣ್ಣದಿದ್ದರೂ ಇನ್ಸುಲಿನ್ ಸುರಿಸುವ ಗುಳಿಗೆ. ಅದನ್ನು ನುಂಗಿ ಅರೆಹೊಟ್ಟೆಯಲ್ಲಿ ಮಲಗಿದರೆ ನಡುರಾತ್ರಿ ಶುಗರ್ ಕುಸಿಯಬಹುದು. ಆಗಲೂ ಹೀಗೇ ಬೆವರು ಕಿತ್ತು ಬರುತ್ತದೆ, ಜೊತೆಗೆ ಕೈನಡುಕ, ಎದೆಬಡಿತ. 8.2 ಅನ್ನುವುದು ಮೂರು ತಿಂಗಳ ಶುಗರಿನ (HbA1c) ಬರೀ ಸರಾಸರಿ. ಅದರೊಳಗೆ ಇಂಥ ಕುಸಿತ ಅಡಗಿರಬಹುದು. ಈ ಸಲ ಬೆವರಿ ಎದ್ದರೆ ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಬೆಳಿಗ್ಗೆ ಡಾಕ್ಟರಿಗೆ ಹೇಳಿ ಗುಳಿಗೆ ಬದಲಿಸಿಕೊಳ್ಳಿ. ರಾತ್ರಿ ಊಟ ಮಾತ್ರ ಇವತ್ತಿನಿಂದಲೇ ಸರಿಯಾಗಿ ಮಾಡಿ.

ಶುಗರ್ ಸರಿಯಿದ್ದೂ ಬೆವರಿದರೆ ಅದು ಮುಟ್ಟು ನಿಂತದ್ದರ ಉರಿ ಇರಬಹುದು. ಅದಕ್ಕೆ ಹಾರ್ಮೋನಿನಷ್ಟು ಗುಣ ಕೊಡುವ ಔಷಧ ಬೇರೆ ಇಲ್ಲ. ಆದರೆ ಹೃದಯ ಕಾಯಲೆಂದು ಅದನ್ನು ಕೊಡುವುದಿಲ್ಲ. ಅಕ್ಕನ ಭಯಕ್ಕೂ ಕಾರಣವಿದೆ: ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಎರಡು ಹಾರ್ಮೋನ್ ಕೂಡಿದ ಗುಳಿಗೆ ತಗೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಸ್ತನ ಕ್ಯಾನ್ಸರ್ ಹೆಚ್ಚು ಕಂಡು 2002ರಲ್ಲಿ ಅದನ್ನು ನಿಲ್ಲಿಸಿದರು. ಆ ಹೆಂಗಸರ ಸರಾಸರಿ ವಯಸ್ಸು 63. ಅರವತ್ತರೊಳಗೆ, ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರು ಮಾಡಿದವರಿಗೆ ಅಪಾಯ ಕಡಿಮೆ ಎಂದು ಆಮೇಲೆ ತಿಳಿಯಿತು. ವಯಸ್ಸಿನ ಲೆಕ್ಕದಲ್ಲಿ ನೀವು ಈ ಗುಂಪಿಗೆ ಬರುತ್ತೀರಿ, ಆದರೆ ಶುಗರ್ ಇರುವುದರಿಂದ ಹೃದಯದ ಅಪಾಯವನ್ನು ಬೇರೆಯಾಗಿ ಲೆಕ್ಕ ಹಾಕಬೇಕು.

ಪಂಪಿಂಗ್ 60 ಅಂದರೆ ಹೃದಯ ಹಿಂಡುವ ಬಲ ಸರಿಯಿದೆ. ಗ್ರೇಡ್ 1 ಅಂದರೆ ಹಿಂಡಿದ ಮೇಲೆ ಎಡಗಡೆಯ ಕೋಣೆ ಸಡಿಲವಾಗುವುದು ನಿಧಾನ. ಶುಗರ್, ಬಿಪಿ ಎರಡೂ ಅದನ್ನು ಬಿಗಿಯಾಗಿಸುತ್ತವೆ, ಹಿಡಿತಕ್ಕೆ ಬರಬೇಕಾದವೂ ಅವೇ. ಎದೆನೋವಿಲ್ಲ ಎಂದು ಬರೆದದ್ದು ನನಗೆ ಸಮಾಧಾನ ತರಲಿಲ್ಲ. ಶುಗರಿನವರಲ್ಲಿ ನರ ಮಂದವಾಗಿ, ನೋವೇ ಇಲ್ಲದೆ ಬರೀ ದಮ್ಮು ಬರುವುದುಂಟು. ಹಾರ್ಮೋನಿಗಿಂತ ಮೊದಲು ಹೃದಯದ ಡಾಕ್ಟರಿಗೆ ತೋರಿಸಿ. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ, ಬೆಂಗಳೂರಿನ ರೈಲು ಹತ್ತಬೇಕಿಲ್ಲ.

ಹೃದಯದ ಡಾಕ್ಟರು ಹಾರ್ಮೋನ್ ಆಗಬಹುದೆಂದರೆ ಗುಳಿಗೆಯ ಬದಲು ಚರ್ಮಕ್ಕೆ ಹಚ್ಚುವ ಈಸ್ಟ್ರೋಜೆನ್ ಹಾರ್ಮೋನಿನ ಜೆಲ್ ಕೇಳಿ. ರಕ್ತ ಹೆಪ್ಪುಗಟ್ಟುವ ಅಪಾಯ ಅದರಲ್ಲಿ ಕಡಿಮೆ. ಗರ್ಭಕೋಶ ಇದೆಯೋ ತೆಗೆಸಿದ್ದೀರೋ ಬರೆದಿಲ್ಲ. ನಮ್ಮ ಕಡೆ ಮೂವತ್ತೈದಕ್ಕೇ ತೆಗೆಸಿಕೊಂಡವರನ್ನು ನೋಡಿ ನೋಡಿ ಸಂಕಟವಾಗುತ್ತದೆ. ಗರ್ಭಕೋಶ ಇದ್ದರೆ ಪ್ರೊಜೆಸ್ಟೆರಾನ್ ಎಂಬ ಎರಡನೆಯ ಹಾರ್ಮೋನ್ ಕೂಡ ಬೇಕೇ ಬೇಕು, ಬರೀ ಈಸ್ಟ್ರೋಜೆನ್ನಿಂದ ಗರ್ಭಕೋಶದ ಒಳಪದರ ದಪ್ಪಗಾಗಿ ಕ್ಯಾನ್ಸರ್ ಬರಬಹುದು. ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು ಆಗಿದ್ದವರಿಗೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ ಈ ಔಷಧ ಬೇಡ.

ಹೋಗುವಾಗ ಎಕೋ ರಿಪೋರ್ಟಿನ ಜೊತೆ, ಬೆವರಿ ಎದ್ದಾಗ ನೋಡಿದ ಶುಗರನ್ನು ತಾರೀಖು, ಹೊತ್ತು ಸಮೇತ ಚೀಟಿಯಲ್ಲಿ ಬರೆದುಕೊಂಡು ಒಯ್ಯಿರಿ.