ಅಣ್ಣನಿಗೂ ಬಿ27 ಪಾಸಿಟಿವ್, ನೋವು ನನಗೊಬ್ಬನಿಗೇ ಯಾಕೆ?

ಪ್ರಶ್ನೆ: ನನಗೆ 31 ವರ್ಷ. ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಂಡಿರುತ್ತದೆ, ಓಡಾಡಿದರೆ ಸಡಿಲವಾಗುತ್ತದೆ. ಡಾಕ್ಟರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆಯ ಕೀಲುಗಳ ಉರಿಯೂತ) ಅಂದರು. ರಕ್ತದ ಟೆಸ್ಟಿನಲ್ಲಿ ಎಚ್‌ಎಲ್‌ಎ-ಬಿ27 ಪಾಸಿಟಿವ್. ಅಣ್ಣನಿಗೂ ಪಾಸಿಟಿವ್, ಆದರೆ ಅವರು ದಿನಾ ಶಟಲ್ ಆಡುತ್ತಾರೆ! ಲ್ಯಾಬ್‌ನವರು ತಪ್ಪು ಮಾಡಿದ್ದಾರಾ? ನಾಲ್ಕು ವರ್ಷದ ಮಗಳಿಗೂ ಟೆಸ್ಟ್ ಮಾಡಿಸಬೇಕಾ?

ಉತ್ತರ: ಲ್ಯಾಬ್‌ನವರನ್ನು ಸುಮ್ನೆ ಬೈಯಬೇಡಿ, ಎರಡೂ ರಿಪೋರ್ಟ್ ಸರಿ ಇರಬಹುದು. ಬಿ27 ಕಾಯಿಲೆಯ ಹೆಸರಲ್ಲ, 6ನೇ ಕ್ರೋಮೋಸೋಮಿನಲ್ಲಿರುವ ಎಚ್‌ಎಲ್‌ಎ-ಬಿ ಜೀನ್‌ನ ಒಂದು ನಮೂನೆ. ಈ ಒಂದೇ ಜೀನ್‌ಗೆ ಸಾವಿರಾರು ನಮೂನೆಗಳಿವೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ, ಎರಡೂ ಕೆಲಸ ಮಾಡುತ್ತವೆ.

ಏನು ಕೆಲಸ? ಜೀವಕೋಶದ ಒಳಗಿನ ಪ್ರೋಟೀನ್ ಚೂರುಗಳನ್ನು ಹಿಡಿದು ಹೊರಗೆ ತೋರಿಸುವುದು, ಬಸ್ಸಲ್ಲಿ ಚೆಕಿಂಗ್‌ನವರು ಹತ್ತಿದಾಗ ಟಿಕೆಟ್ ತೋರಿಸುತ್ತೇವಲ್ಲ, ಹಾಗೆ. ದೇಹದ ಕಾವಲುಗಾರರಾದ ಟಿ ಕೋಶಗಳು ಅದನ್ನು ನೋಡಿ ಇದು ನಮ್ಮದಾ, ವೈರಸ್ಸಿನದಾ ಅಂತ ತೀರ್ಮಾನಿಸುತ್ತವೆ. ಚೂರು ಕೂರುವ ಗುಳಿಯ ಆಕಾರ ಒಂದೊಂದು ನಮೂನೆಯಲ್ಲಿ ಒಂದೊಂದು ಥರ. ಬಿ27ರಲ್ಲೇ ಒಳನಮೂನೆಗಳಿವೆ, ಅದರಲ್ಲಿ 27:05 ಅನ್ನೋದಕ್ಕೆ ಈ ಕಾಯಿಲೆಯ ನಂಟು ಗಟ್ಟಿ. ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ಕಾಣುವ 27:09ಕ್ಕೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಇವೆರಡಕ್ಕೂ ಇರುವ ವ್ಯತ್ಯಾಸ 116ನೇ ಜಾಗದ ಒಂದೇ ಒಂದು ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಸರಪಳಿಯ ಒಂದು ಕೊಂಡಿ!

ನೀವಿಬ್ಬರೂ ಅಣ್ಣತಮ್ಮ, ಹಾಗಾಗಿ ಬಿ27 ಒಂದೇ ನಮೂನೆಯದ್ದೇ ಇರಬಹುದು, ಆದರೆ ಉಳಿದ ಜೀನ್‌ಗಳು ಬೇರೆ ಬೇರೆ ಅಲ್ವಾ? ಇಆರ್‌ಎಪಿ1 ಅಂತ ಒಂದಿದೆ, ಆ ಚೂರುಗಳನ್ನು ಅಳತೆಗೆ ಕತ್ತರಿಸುವುದು ಅದರ ಕೆಲಸ, ಅದರ ನಮೂನೆ ಬದಲಾದರೂ ಕಾಯಿಲೆಯ ಸಾಧ್ಯತೆ ಏರಿಳಿಯುತ್ತದೆ. ಜೊತೆಗೆ ಜೀನ್ ಇದ್ದರಷ್ಟೇ ಆಗಲಿಲ್ಲ, ಎಷ್ಟು ಜೋರಾಗಿ ಕೆಲಸ ಮಾಡುತ್ತಿದೆ ಅನ್ನೋದೂ ಮುಖ್ಯ. ಸೋಂಕಾದಾಗ ಕೋಶಗಳು ಬಿಡುವ ಎಚ್ಚರಿಕೆ ಪ್ರೋಟೀನ್ ಇಂಟರ್‌ಫೆರಾನ್ ಬಂದು ಎಚ್‌ಎಲ್‌ಎ ತಯಾರಿಕೆ ಹೆಚ್ಚಿಸುತ್ತದೆ. ಬಿ27 ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳಲು ತಡ ಮಾಡುತ್ತದೆ, ಜಾಸ್ತಿ ತಯಾರಾದರೆ ಕೋಶದೊಳಗೇ ರಾಶಿ ಬಿದ್ದು ಉರಿಯೂತಕ್ಕೆ ದಾರಿಯಾಗುತ್ತದೆ ಅನ್ನೋದು ಒಂದು ಅನುಮಾನ. ಒಂದೇ ಥರದ ಅವಳಿಗಳಲ್ಲೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದೆ ಇರುವುದುಂಟು.

ಬಿ27 ಇರುವ ನೂರು ಜನರಲ್ಲಿ ಈ ಕಾಯಿಲೆ ಬರುವುದು ಹೆಚ್ಚೆಂದರೆ ಐದಾರು ಮಂದಿಗೆ. ಮನೆಯಲ್ಲಿ ಒಬ್ಬರಿಗಿದ್ದರೆ ಸಾಧ್ಯತೆ ಜಾಸ್ತಿ, ನಿಜ. ಅಂದಹಾಗೆ ಬಿ27 ಬರೀ ಕೆಟ್ಟದ್ದೂ ಅಲ್ಲ, ಎಚ್‌ಐವಿ ತಗುಲಿದವರಲ್ಲಿ ಇದಿದ್ದರೆ ಕಾಯಿಲೆ ನಿಧಾನವಾಗಿ ಮುಂದುವರಿಯುತ್ತದೆ.

ಮಗಳಿಗೆ ನಿಮ್ಮ ಬಿ27 ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಈಗ ಟೆಸ್ಟ್ ಬೇಡ, ಪಾಸಿಟಿವ್ ಬಂದರೂ ಮಾಡುವುದೇನೂ ಇಲ್ಲ, ಮನೆಯವರಿಗೆಲ್ಲ ನಿದ್ದೆಗೆಡುತ್ತದೆ ಅಷ್ಟೆ. ಅಣ್ಣನಿಗೆ ಮಾತ್ರ ಒಂದು ಮಾತು ಹೇಳಿಡಿ: ಸೊಂಟನೋವು ಮೂರು ತಿಂಗಳು ದಾಟಿದರೆ ಸಂಧಿವಾತ ತಜ್ಞರನ್ನು ಕಾಣಲಿ, ಕಣ್ಣು ಕೆಂಪಾಗಿ ನೋವು ಬಂದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಲಿ.