ಇ-ಕೆವೈಸಿ ಆದರೂ ಪಿಎಂ-ಕಿಸಾನ್ ಕಂತು ನಿಂತಿದ್ದರೆ

ಇ-ಕೆವೈಸಿ ಮುಗಿದರೂ ಎರಡು ಕಂತು ಬಂದಿಲ್ಲ ಅಂದಿದ್ದೀರಿ. ಇ-ಕೆವೈಸಿ, ಅಂದ್ರೆ ಆಧಾರ್ ಮೂಲಕ ಗುರುತು ದೃಢಪಡಿಸೋದು, ಒಂದೇ ಸಾಲದು ಸರ್. ಪಿಎಂ-ಕಿಸಾನ್ ಪೋರ್ಟಲ್‌ನಲ್ಲಿ ಸ್ಟೇಟಸ್ ತೆರೆದು ಲ್ಯಾಂಡ್ ಸೀಡಿಂಗ್ (ಜಮೀನಿನ ವಿವರ ಜೋಡಣೆ), ಆಧಾರ್-ಬ್ಯಾಂಕ್ ಸೀಡಿಂಗ್ (ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ) ಎರಡರ ಮುಂದೆಯೂ ‘ಯೆಸ್’ ಇದೆಯೇ ನೋಡಿ.

ಲ್ಯಾಂಡ್ ಸೀಡಿಂಗ್ ‘ನೋ’ ಇದ್ದರೆ ಪಹಣಿ, ಆಧಾರ್, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ನಿಮ್ಮ ಎಲ್ಲ ಸರ್ವೆ ನಂಬರ್ ಎಫ್‌ಐಡಿಗೆ ಸೇರಿವೆಯೇ ಅಂತ ಅಲ್ಲೇ ನಿಂತು ಪರದೆಯ ಮೇಲೆ ನೋಡಿ. ಪಹಣಿಯಲ್ಲಿ ‘ನಿಂಗಪ್ಪ ಬಿನ್ ಬಸಪ್ಪ’, ಆಧಾರ್‌ನಲ್ಲಿ ‘ನಿಂಗಪ್ಪ ಬಿ’ ಅಂತಿದ್ದರೂ ತೊಡಕಾಗುತ್ತೆ.

ಜಮೀನು ಇನ್ನೂ ತೀರಿಹೋದ ತಂದೆಯ ಹೆಸರಲ್ಲಿದ್ದರೆ ಮೊದಲು ಪೌತಿ ಖಾತೆ ಮಾಡಿಸಿ, ಅಂದ್ರೆ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಿ. 1-2-2019ರ ನಂತರ ಕ್ರಯಕ್ಕೆ ಪಡೆದ ಜಮೀನಿಗೆ ಪಿಎಂ-ಕಿಸಾನ್ ಹಣ ಸಿಗಲ್ಲ, ವಾರಸಾಗಿ ಬಂದದ್ದಕ್ಕೆ ಸಿಗುತ್ತೆ.

ಎರಡೂ ‘ಯೆಸ್’ ಇದ್ದರೆ ನಿಮ್ಮ ಬೇರೆ ಖಾತೆಗಳ ಹಳೆ ಪಾಸ್‌ಬುಕ್‌ಗಳಿಗೂ ಎಂಟ್ರಿ ಹಾಕಿಸಿ, ಹಣ ಅಲ್ಲಿಗೆ ಬಿದ್ದಿರಬಹುದು. 2,000 ರೂ. ಹೋಗೋದು ಆಧಾರ್ ಕೊನೆಗೆ ಜೋಡಿಸಿದ ಖಾತೆಗೆ.